ಹದಿನೆಂಟರ ಹೊಸ್ತಿಲಲ್ಲಿ ನಿಂತು ಯಾವುದಕ್ಕೂ ಮನಸ್ಸು ಮಾಡದ ಮಕ್ಕಳು: ಪಾಲಕರಿಗೊಂದು ಹಂತಹಂತದ ಮಾರ್ಗದರ್ಶಿ

ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಬಳಿಗೆ ಫಲಿತಾಂಶದ ನಂತರ ಬರುವ ತಂದೆ ತಾಯಿಯರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮಗ ಹತ್ತು ಗಂಟೆಗೆ ಮುಂಚೆ ಏಳುವುದಿಲ್ಲ, ಓದುವುದಿಲ್ಲ, ತೋಟದ ಕಡೆ ತಲೆ ಹಾಕುವುದಿಲ್ಲ, ಕೇಳಿದರೆ ಉತ್ತರವೂ ಇಲ್ಲ. ಅವರು ಈಗಾಗಲೇ ಮಾಡಿ ನೋಡಿರುವ ಉಪಾಯಗಳೂ ಒಂದೇ ಸಾಲಿನವು: ಮೊದಲು ಬುದ್ಧಿಮಾತು, ಆಮೇಲೆ ಪಕ್ಕದ ಮನೆಯ ಹುಡುಗನ ಹೋಲಿಕೆ, ಆಮೇಲೆ ಬೈಗುಳ, ನಂತರ ಬೈಕಿನ ಆಸೆ, ಕೊನೆಗೆ ಮಾತೇ ಬಿಡುವುದು.

ಈ ಪಾಲಕರು ಎಡವುವುದು ಪ್ರೀತಿಯ ಕೊರತೆಯಿಂದಲ್ಲ, ಕ್ರಮದ ತಪ್ಪಿನಿಂದ. ‘ಮುಂದೇನು ಮಾಡ್ತೀಯ’ ಎಂಬುದು ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ. ಅದನ್ನೇ ಮೊದಲು ಕೇಳುತ್ತಾರೆ. ಹುಮ್ಮಸ್ಸು ಬಂದ ಮೇಲೆ ಕೆಲಸ ಮಾಡುತ್ತಾನೆ ಎಂದು ಕಾಯುತ್ತಾರೆ. ಆದರೆ ಈ ವಯಸ್ಸಿನಲ್ಲಿ ಸಣ್ಣ ಕೆಲಸವೊಂದು ಕೈಗೆ ಹತ್ತಿದ ಮೇಲೆಯೇ ಹುಮ್ಮಸ್ಸು ಹುಟ್ಟುವುದು ಹೆಚ್ಚು. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲಿಯೇ ಜೋಡಿಸಿದ್ದೇನೆ. ‘ಮಗ’ ಎಂದು ಬರೆದಿರುವಲ್ಲೆಲ್ಲ ಮಗಳನ್ನೂ ಸೇರಿಸಿ ಓದಿಕೊಳ್ಳಬೇಕು.

ಶುರು ಮಾಡುವ ಮುನ್ನ ಬೇಕಾದದ್ದು

ಒಂದು ನೂರು ಪುಟದ ನೋಟ್‌ಬುಕ್ಕು, ಗೋಡೆಗೆ ಹಾಕುವ ಒಂದು ಕ್ಯಾಲೆಂಡರ್, ಮೊಬೈಲ್ ಅಲ್ಲದ ಒಂದು ಅಲಾರಂ ಗಡಿಯಾರ, ತಿಂಗಳಿಗೆ ಇಷ್ಟೇ ಎಂದು ನಿಗದಿ ಮಾಡಿದ ಸ್ವಲ್ಪ ಹಣ, ಮತ್ತು ಕನಿಷ್ಠ ಮೂರು ತಿಂಗಳ ಸಹನೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಅಪ್ಪ ಅಮ್ಮ ಇಬ್ಬರ ಮಾತೂ ಒಂದಾಗಿರಬೇಕು. ಅಪ್ಪ ಇಲ್ಲ ಎಂದ ಹಣವನ್ನು ಅಮ್ಮ ಸಾಸಿವೆ ಡಬ್ಬಿಯಿಂದ ತೆಗೆದುಕೊಡುವ ಮನೆಯಲ್ಲಿ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ. ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಂಡು ವಿಷಯ ತಿಳಿಸುವುದು ಒಳ್ಳೆಯದು.

ಫಲಿತಾಂಶ ಬಂದ ವಾರ, ಮನೆಯಲ್ಲಿ ಮದುವೆಯಿರುವ ವಾರ ಅಥವಾ ಜಗಳವಾದ ಮರುದಿನ ಇದನ್ನು ಆರಂಭಿಸಬೇಡಿ.

ಹಂತ 1: ಎರಡು ವಾರ ಸುಮ್ಮನೆ ನೋಡಿ, ಬರೆದಿಡಿ

ಮಗ ಎಷ್ಟು ಗಂಟೆಗೆ ಮಲಗಿದ, ಎಷ್ಟಕ್ಕೆ ಎದ್ದ, ಏನು ತಿಂದ, ಯಾರ ಜೊತೆ ಮಾತನಾಡಿದ, ಯಾರೂ ಹೇಳದೆ ತಾನಾಗಿಯೇ ಯಾವ ಕೆಲಸಕ್ಕೆ ಎದ್ದುಹೋದ ಎಂಬುದನ್ನು ದಿನಕ್ಕೆ ನಾಲ್ಕು ಸಾಲಿನಲ್ಲಿ ಬರೆಯಿರಿ. ಈ ಪುಸ್ತಕ ಅವನ ಕೈಗೆ ಸಿಗಬಾರದು, ಮತ್ತು ಇದರ ಒಂದು ಸಾಲನ್ನೂ ಮುಂದೆ ಜಗಳದಲ್ಲಿ ಸಾಕ್ಷಿಯಾಗಿ ಬಳಸಬಾರದು.

ಇಲ್ಲಿ ಹುಡುಕಬೇಕಾದದ್ದು ಒಂದೇ ವ್ಯತ್ಯಾಸ. ಅವನಿಗೆ ಯಾವುದರಲ್ಲೂ ಆಸಕ್ತಿ ಇಲ್ಲವೇ, ಅಥವಾ ನಾವು ಹೇಳಿದ್ದರಲ್ಲಿ ಮಾತ್ರ ಇಲ್ಲವೇ? ಭೌತಶಾಸ್ತ್ರದ ಪುಸ್ತಕ ತೆರೆಯದ ಹುಡುಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಸರಿಮಾಡುತ್ತಿದ್ದರೆ, ವಾಲಿಬಾಲ್ ಪಂದ್ಯಕ್ಕೆ ಬೆಳಿಗ್ಗೆ ಐದಕ್ಕೆ ಎದ್ದು ಅರಸೀಕೆರೆಗೆ ಹೊರಡುತ್ತಿದ್ದರೆ ಅವನು ಸೋಮಾರಿಯಲ್ಲ. ಅಂಥವನಿಗೆ ಎರಡನೆಯ ಹಂತದ ತಪಾಸಣೆ ಬೇಗ ಮುಗಿಯುತ್ತದೆ. ಆದರೆ ಮೊದಲು ಇಷ್ಟಪಡುತ್ತಿದ್ದ ಆಟ, ಗೆಳೆಯರು, ಊಟ ಎಲ್ಲವನ್ನೂ ಒಂದೊಂದಾಗಿ ಬಿಟ್ಟಿದ್ದರೆ ವಿಷಯ ಬೇರೆ.

ಹಂತ 2: ಸೋಮಾರಿತನವೆಂದು ತೀರ್ಮಾನಿಸುವ ಮೊದಲು ವೈದ್ಯರಲ್ಲಿಗೆ

ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ ಇವು ಮೂರೂ ಹೊರಗಿನಿಂದ ನೋಡುವವರಿಗೆ ಸೋಮಾರಿತನದಂತೆಯೇ ಕಾಣುತ್ತವೆ. ರಕ್ತಹೀನತೆ ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಕಣ್ಣಿನ ಪರೀಕ್ಷೆಯೂ ಆಗಲಿ. ತಲೆನೋವಿನಿಂದ ಪುಸ್ತಕ ಮುಚ್ಚಿಡುವ ಮಕ್ಕಳನ್ನು ನಾನು ತರಗತಿಯಲ್ಲಿಯೇ ನೋಡಿದ್ದೇನೆ.

ಮನಸ್ಸಿನ ಲೆಕ್ಕಕ್ಕೆ ಎರಡು ವಾರ ಎಂಬುದು ಉಪಯುಕ್ತ ಅಳತೆ. ಬೇಸರ ಅಥವಾ ಸಿಡುಕು, ನಿದ್ದೆಯ ಏರುಪೇರು, ಹಸಿವಿನ ಬದಲಾವಣೆ, ‘ನನ್ನಿಂದ ಏನೂ ಆಗುವುದಿಲ್ಲ’ ಎಂಬ ಮಾತು, ಇಷ್ಟದ ವಿಷಯಗಳಲ್ಲೂ ಸುಖವಿಲ್ಲದಿರುವುದು ಇವುಗಳಲ್ಲಿ ಹಲವು ಎರಡು ವಾರಕ್ಕೂ ಹೆಚ್ಚು ಕಾಲ ಹೆಚ್ಚೂಕಡಿಮೆ ಪ್ರತಿದಿನ ಕಾಣಿಸಿದರೆ ಅದು ಖಿನ್ನತೆಯಿರಬಹುದು. ಗದರಿಸಿದರೆ ಖಿನ್ನತೆ ವಾಸಿಯಾಗುವುದಿಲ್ಲ. ಹಾಸನದವರಿಗೆ ಹಿಮ್ಸ್ ಆಸ್ಪತ್ರೆಯ ಮನೋವೈದ್ಯರು, ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆ ಹತ್ತಿರ. ಊರಿನಿಂದ ಹೊರಡುವುದೇ ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯಿದು, ಉಚಿತ, ದಿನದ 24 ಗಂಟೆಯೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಕಂಡ ದಿನವೇ ವೈದ್ಯರಲ್ಲಿಗೆ ಓಡಬೇಕಾದ ಸೂಚನೆಗಳೂ ಇವೆ: ಸಾಯುವ ಮಾತು, ಅದು ತಮಾಷೆಗೆ ಅಂದಂತೆ ಕಂಡರೂ ಸರಿ; ಕೈಮೇಲೆ ಗಾಯದ ಗೆರೆಗಳು; ತನ್ನ ಪ್ರೀತಿಯ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಡುವುದು. ನಮ್ಮ ಕಡೆಯ ಮನೆಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ತೋಟಕ್ಕೆ ಹೊಡೆಯುವ ವಿಷದ ಔಷಧಿ ಮತ್ತು ಕಳೆನಾಶಕಗಳು ಸ್ನಾನದ ಮನೆಯ ಅಟ್ಟದ ಮೇಲೆ, ಪರವಾನಗಿಯ ಕೋವಿ ಬಾಗಿಲ ಹಿಂದೆ ಇರುವುದು ಮಲೆನಾಡಿನಲ್ಲಿ ಸಾಮಾನ್ಯ. ಸಂಶಯ ಬಂದ ಗಳಿಗೆಯಲ್ಲಿಯೇ ಇವೆರಡಕ್ಕೂ ಬೀಗ ಬೀಳಬೇಕು, ಬೀಗದ ಕೈ ಹಿರಿಯರೊಬ್ಬರ ಬಳಿ ಇರಬೇಕು.

ಮನೆಯಲ್ಲಿ ಹಣ ಕಾಣೆಯಾಗುತ್ತಿದ್ದರೆ, ಗುರುತಿಲ್ಲದ ನಂಬರುಗಳಿಂದ ಬೆದರಿಕೆಯ ಕರೆ ಬರುತ್ತಿದ್ದರೆ ಆನ್‌ಲೈನ್ ಬೆಟ್ಟಿಂಗ್ ಅಥವಾ ಸಾಲದ ಆ್ಯಪ್‌ಗಳನ್ನು ಶಂಕಿಸಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಿಂದ ನಿಷೇಧಿಸಿದೆ, ಆದರೆ ಹುಡುಗರಿಗೆ ಕಳ್ಳದಾರಿಗಳು ಗೊತ್ತಿರುತ್ತವೆ. ಇಂಥದ್ದು ಬಯಲಾದಾಗ ಮೊದಲು ಕೇಳಬೇಕಾದದ್ದು ‘ಎಷ್ಟು, ಯಾರಿಗೆ’ ಎಂದು. ‘ಯಾಕೆ ಮಾಡಿದೆ’ ಎಂಬುದನ್ನು ಆಮೇಲೆ ಕೇಳಬಹುದು.

ಹಂತ 3: ಮಾತನ್ನು ಕಡಿಮೆ ಮಾಡಿ, ಆದರೆ ನಿಲ್ಲಿಸಬೇಡಿ

ಮೂರು ಬಗೆಯ ಮಾತನ್ನು ಇಂದಿನಿಂದಲೇ ಬಿಡಬೇಕು: ಹೋಲಿಕೆ, ‘ನಿನ್ನ ವಯಸ್ಸಿನಲ್ಲಿ ನಾನು’ ಎಂದು ಶುರುವಾಗುವ ಕಥೆ, ಮತ್ತು ನೆಂಟರ ಮುಂದೆ ಮಗನ ಬಗ್ಗೆ ಆಡುವ ಹಾಸ್ಯ. ಮೂರನೆಯದು ಉಳಿದೆರಡಕ್ಕಿಂತ ಆಳವಾಗಿ ನಾಟುತ್ತದೆ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷದ ಒಂದು ಮಾತುಕತೆ ಸಾಕು. ಎದುರುಬದುರು ಕೂರಿಸಿದರೆ ಅದು ವಿಚಾರಣೆಯಂತಾಗುತ್ತದೆ. ಜೀಪಿನಲ್ಲಿ ಬೇಲೂರಿಗೆ ಗೊಬ್ಬರ ತರಲು ಹೋಗುವಾಗಲೋ, ಮೆಣಸಿನ ಬಳ್ಳಿ ನೋಡುತ್ತಾ ನಡೆಯುವಾಗಲೋ, ಇಬ್ಬರ ಕಣ್ಣೂ ಬೇರೆ ಕಡೆ ಇರುವಾಗ ಮಾತು ಸಲೀಸು. ಮೊದಲು ಕೇಳಿ, ಆಮೇಲೆ ಅವನ ಉತ್ತರವನ್ನು ನಿಮ್ಮ ಬಾಯಲ್ಲಿ ಒಮ್ಮೆ ತಿರುಗಿ ಹೇಳಿ, ನಂತರ ‘ನನಗೆ ಅನ್ನಿಸಿದ್ದು ಹೇಳ್ಲಾ?’ ಎಂದು ಒಪ್ಪಿಗೆ ಪಡೆದು ನಿಮ್ಮ ಮಾತು ಹೇಳಿ. ಅವನು ‘ಬೇಡ’ ಎಂದರೆ ಆ ದಿನಕ್ಕೆ ಅಲ್ಲಿಗೆ ಮುಗಿಯಿತು.

‘ಯಾಕೆ ಓದಲ್ಲ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಅದು ಪ್ರಶ್ನೆಯೇ ಅಲ್ಲ. ‘ಕಾಲೇಜಲ್ಲಿ ಯಾವ ಪೀರಿಯಡ್ ಬೇಗ ಮುಗಿದಂಗಿರುತ್ತೆ?’ ಎಂದು ಕೇಳಿ ನೋಡಿ. ಏನೋ ಒಂದು ಉತ್ತರ ಬಂದೇ ಬರುತ್ತದೆ.

ಹಂತ 4: ನಿದ್ದೆಯನ್ನು ಹಳಿಗೆ ತನ್ನಿ

ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ಓಡುತ್ತದೆ. ರಾತ್ರಿ ಹತ್ತಕ್ಕೆ ನಿದ್ದೆ ಬರುವುದಿಲ್ಲ ಎಂದು ಅವನು ಹೇಳಿದರೆ ಅದು ಪೂರ್ತಿ ನೆಪವಲ್ಲ. ಹದಿನಾಲ್ಕರಿಂದ ಹದಿನೇಳರವರೆಗಿನ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದಕ್ಕೆ ಮೊಬೈಲ್ ಸೇರಿಕೊಂಡಾಗ ರಾತ್ರಿ ಎರಡು ಗಂಟೆಯಾಗುತ್ತದೆ, ಬೆಳಿಗ್ಗೆ ಮನೆಯಲ್ಲಿ ಕದನವಾಗುತ್ತದೆ.

ಮಲಗುವ ಹೊತ್ತನ್ನು ಹಿಡಿಯಲು ಹೋಗಬೇಡಿ, ಏಳುವ ಹೊತ್ತನ್ನು ಹಿಡಿಯಿರಿ. ಈಗ ಹತ್ತಕ್ಕೆ ಏಳುತ್ತಿದ್ದರೆ ನಾಲ್ಕೈದು ದಿನ ಒಂಬತ್ತೂವರೆ, ಆಮೇಲೆ ಒಂಬತ್ತು, ಹೀಗೆ ಅರ್ಧರ್ಧ ಗಂಟೆ ಹಿಂದಕ್ಕೆ ತಂದರೆ ಒಂದು ತಿಂಗಳೊಳಗೆ ಏಳು ಗಂಟೆಯ ಹತ್ತಿರ ಬರಬಹುದು. ಎದ್ದ ಕೂಡಲೇ ಅಂಗಳಕ್ಕೆ ಬರಲಿ, ಬೆಳಕು ಬೀಳಲಿ. ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ಸಡಿಲ ಬೇಡ. ಜುಲೈಯ ಜಡಿಮಳೆಯಲ್ಲಿ, ಎರಡು ದಿನ ಕರೆಂಟಿಲ್ಲದ ಮನೆಯಲ್ಲಿ ಇದು ಕಷ್ಟ. ಆ ಕಾಲದಲ್ಲಿ ಆರಂಭಿಸದಿರುವುದೇ ಲೇಸು.

ಮೊಬೈಲನ್ನು ಕಿತ್ತುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು. ಬದಲಿಗೆ ನಡುಮನೆಯಲ್ಲಿ ಒಂದು ಚಾರ್ಜಿಂಗ್ ಜಾಗ ಮಾಡಿ, ರಾತ್ರಿ ಹತ್ತೂವರೆಗೆ ಮನೆಯ ಎಲ್ಲರ ಫೋನೂ ಅಲ್ಲಿಗೆ ಬರಲಿ. ಎಲ್ಲರದು ಎಂದರೆ ಅಪ್ಪನದೂ ಸೇರಿ. ಈ ಹಂತ ಮುರಿದುಬೀಳುವುದು ಬಹುಪಾಲು ಅಪ್ಪನ ವಾಟ್ಸ್‌ಆ್ಯಪ್‌ನಿಂದಲೇ.

ಹಂತ 5: ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿ

ಇಡೀ ಮಾರ್ಗದರ್ಶಿಯ ತಿರುಳು ಈ ಹಂತ. ಇದಕ್ಕೆ ಕನಿಷ್ಠ ಆರು ವಾರ ಇಟ್ಟುಕೊಳ್ಳಿ. ‘ಸ್ವಲ್ಪ ಸಹಾಯ ಮಾಡು’ ಎನ್ನುವುದು ಕೆಲಸ ಒಪ್ಪಿಸಿದಂತಲ್ಲ. ಸಹಾಯಕ್ಕೆ ನಿಂತವನಿಗೆ ಹೊಣೆಯಿಲ್ಲ, ಹೊಣೆಯಿಲ್ಲದವನಿಗೆ ಗರ್ವವೂ ಇಲ್ಲ.

ಒಪ್ಪಿಸುವ ಕೆಲಸ ಹೇಗಿರಬೇಕೆಂದರೆ, ಅದು ಆಗದಿದ್ದರೆ ಮನೆಯ ಬೇರೆಯವರಿಗೆ ನಿಜವಾಗಿ ತೊಂದರೆಯಾಗಬೇಕು, ಅದರ ಮೊದಲು ಮತ್ತು ಕೊನೆ ಕಣ್ಣಿಗೆ ಕಾಣಬೇಕು, ವಾರದಲ್ಲಿ ಒಮ್ಮೆಯಾದರೂ ಬರಬೇಕು, ಮತ್ತು ಹೇಗೆ ಮಾಡುವುದೆಂಬ ತೀರ್ಮಾನ ಅವನದೇ ಆಗಿರಬೇಕು. ಬೆಳಗಿನ ಹಾಲನ್ನು ಡೇರಿಗೆ ಹಾಕಿ ಲೆಕ್ಕ ಇಡುವುದು, ಕರೆಂಟ್ ಬಿಲ್ ಮತ್ತು ಗ್ಯಾಸ್ ಬುಕಿಂಗ್, ವಾರದ ಸಂತೆ, ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆಗಳ ಉಸ್ತುವಾರಿ ಇವೆಲ್ಲ ನಡೆಯುತ್ತವೆ. ಪೇಟೆಯ ಮನೆಯಾದರೆ ಭಾನುವಾರದ ಅಡುಗೆ ಪೂರ್ತಿ, ಅಂದರೆ ಮಾಂಸ ಅಥವಾ ತರಕಾರಿ ತರುವುದರಿಂದ ಹಿಡಿದು ಪಾತ್ರೆ ಬೆಳಗುವವರೆಗೆ.

ಮೂಡಿಗೆರೆ ಕಡೆಯ ನನ್ನ ಪರಿಚಿತರೊಬ್ಬರು, ಎಂಟು ಎಕರೆ ಕಾಫಿ ಇರುವವರು, ಎರಡು ವಿಷಯದಲ್ಲಿ ಫೇಲಾದ ಹದಿನೇಳರ ಮಗನಿಗೆ ಆಳುಗಳ ಹಾಜರಿ ಪುಸ್ತಕ ಮತ್ತು ಶನಿವಾರದ ಬಟವಾಡೆಯನ್ನು, ಅಂದರೆ ವಾರದ ಕೂಲಿ ಹಂಚುವುದನ್ನು ಒಪ್ಪಿಸಿದರು. ಮೊದಲ ಬಟವಾಡೆಯ ದಿನ ನಾನು ಅಲ್ಲಿದ್ದೆ. ಕಣದ ಮೂಲೆಯಲ್ಲಿ ಒಂದು ಕಾಲು ಅಲ್ಲಾಡುವ ಮೇಜು, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ನೋಟಿನ ಕಟ್ಟು, ಹುಡುಗನ ಕೈಯಲ್ಲಿ ಬೆವರಿಗೆ ಜಾರುವ ಪೆನ್ನು. ಸಾಲಿನಲ್ಲಿ ಮೂರನೆಯವರಾಗಿ ಬಂದ ಹೆಂಗಸು ಹಣ ಎಣಿಸಿ ಅಲ್ಲಿಯೇ ನಿಂತರು. “ಬುಧವಾರ ಮಳೆ ಬಂದು ಮಧ್ಯಾಹ್ನಕ್ಕೆ ಬಿಟ್ಟಿದ್ದು ಎಲ್ರಿಗೂ ಅಲ್ವ ಸಣ್ಣಯ್ಯಾ, ನನಗೊಬ್ಬಳಿಗೆ ಯಾಕೆ ಅರ್ಧ ದಿನ?” ಎಂದರು. ಹುಡುಗನ ಕಿವಿ ಕೆಂಪಾಯಿತು. ಹಿಂದೆ ನಿಂತಿದ್ದ ತಂದೆಯ ಕೈ ಪುಸ್ತಕದ ಕಡೆ ಚಾಚಿತು. ಅಷ್ಟರಲ್ಲಿ ಒಳಗಿನಿಂದ ತಾಯಿ, “ಕಾಫಿ ಆರ್ತಾ ಇದೆ, ಬರ್ರೀ ಒಳಗೆ” ಎಂದು ಕರೆದರು. ಅವರು ಒಲ್ಲದ ಮನಸ್ಸಿನಿಂದ ಹೋದರು. ಹುಡುಗ ಬುಧವಾರದ ಕಾಲಮ್ಮನ್ನು ಪೂರ್ತಿ ಮತ್ತೆ ನೋಡಿ, ಆಕೆಗೆ ಬಾಕಿ ಕೊಟ್ಟು, ಉಳಿದವರ ಲೆಕ್ಕವನ್ನೂ ಹೊಸದಾಗಿ ಹಾಕಿದ. ಬಟವಾಡೆ ಮುಗಿಯುವಾಗ ಕತ್ತಲಾಗಿತ್ತು, ಸಾಲಿನಲ್ಲಿದ್ದವರು ಗೊಣಗಿದರು. ಶನಿವಾರ ಕೂತು ನೆನಪಿನಿಂದ ಬರೆಯುತ್ತಿದ್ದ ಹಾಜರಿಯನ್ನು ಮುಂದಿನ ವಾರದಿಂದ ಅವನು ಅಂದಂದು ಸಂಜೆಯೇ ಬರೆಯತೊಡಗಿದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ತಾಯಿ ಕಾಫಿಗೆ ಕರೆಯದಿದ್ದರೆ ಏನಾಗುತ್ತಿತ್ತೋ ಅದೇ ಈ ಹಂತದ ಮುಖ್ಯ ತಪ್ಪು. ಮಗ ತಡವರಿಸಿದ ಕೂಡಲೇ ಕೆಲಸವನ್ನು ಹಿಂದಕ್ಕೆ ಕಿತ್ತುಕೊಂಡರೆ, ನಿನ್ನಿಂದ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದಂತೆಯೇ. ಒಂದು ತಿಂಗಳ ಬಿಲ್ ತಡವಾಗಿ ದಂಡ ಬಿದ್ದರೆ ಬೀಳಲಿ. ಆದ್ದರಿಂದಲೇ ತಪ್ಪಾದರೂ ಭರಿಸಬಹುದಾದ ಕೆಲಸವನ್ನೇ ಆರಿಸಬೇಕು. ಅಜ್ಜನ ಮಾತ್ರೆಯಂಥದ್ದಾದರೆ ಮೊದಲ ತಿಂಗಳು ದೂರದಿಂದ ಒಂದು ಕಣ್ಣಿಟ್ಟಿರಿ.

ಮೆಚ್ಚುಗೆಯಲ್ಲಿಯೂ ಜೋಕೆ. ‘ನನ್ನ ಮಗ ಜಾಣ’ ಎಂದರೆ ಅವನು ನಂಬುವುದಿಲ್ಲ. ‘ಈ ವಾರ ಲೆಕ್ಕದಲ್ಲಿ ಯಾರೂ ತಕರಾರು ಮಾಡಲಿಲ್ಲ’ ಎಂದರೆ ನಂಬುತ್ತಾನೆ, ಏಕೆಂದರೆ ಅದು ನಡೆದದ್ದು.

ಹಂತ 6: ಹಣ ಮತ್ತು ಬೈಕು

ತಿಂಗಳ ಮೊದಲ ದಿನ ನಿಗದಿಯಾದ ಮೊತ್ತ ಕೊಡಿ. ರೀಚಾರ್ಜ್, ಬಸ್ಸು, ಕ್ಷೌರ, ಬೇಕರಿ ಎಲ್ಲ ಅದರಲ್ಲಿಯೇ. ಇಪ್ಪತ್ತನೆಯ ತಾರೀಖಿಗೆ ಮುಗಿದರೆ ಮುಂಗಡವಿಲ್ಲ. ಮನೆಯ ಸದಸ್ಯನಾಗಿ ಮಾಡುವ ಕೆಲಸಕ್ಕೆ ಕೂಲಿ ಕೊಡಬಾರದೆಂಬುದು ನನ್ನ ಅಭಿಪ್ರಾಯ. ಆದರೆ ಕೊಯ್ಲಿನ ಕಾಲದಲ್ಲಿ ಆಳಿನ ಬದಲಿಗೆ ದಿನವಿಡೀ ದುಡಿದರೆ ಆಳಿಗೆ ಕೊಡುವಷ್ಟನ್ನೇ ಕೊಡಬೇಕು, ಕಡಿಮೆ ಬೇಡ.

ಬೈಕನ್ನು ಆಮಿಷವಾಗಿ ತೋರಿಸಬೇಡಿ. ಗೇರಿನ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಅದಕ್ಕೂ ಮುಂಚೆ ಕೊಟ್ಟು ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ₹25,000 ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಚಾರ್ಮಾಡಿಯ ತಿರುವುಗಳು ಕೊಡುವ ಶಿಕ್ಷೆ ಬೇರೆಯೇ ಇದೆ.

ಹಂತ 7: ಹದಿನೆಂಟರ ಕಾಗದಪತ್ರಗಳನ್ನು ಅವನೇ ಮಾಡಿಸಲಿ

ಕಚೇರಿಗಳ ಮುಂದೆ ಅಪ್ಪ ಸಾಲಿನಲ್ಲಿ, ಮಗ ಬೈಕಿನ ಮೇಲೆ ಮೊಬೈಲ್ ನೋಡುತ್ತಾ ಕೂತಿರುವ ದೃಶ್ಯ ಸಾಮಾನ್ಯ. ಅದನ್ನು ತಿರುಗಿಸಿ. ಅಪ್ರಾಪ್ತ ವಯಸ್ಕರ ಬ್ಯಾಂಕ್ ಖಾತೆಗೆ 18 ತುಂಬಿದ ಮೇಲೆ ಹೊಸ ಸಹಿ ಮತ್ತು ಕೆವೈಸಿ ಕೊಡಬೇಕು. ಚಿಕ್ಕಂದಿನಲ್ಲಿ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ. ಸಂಖ್ಯೆ ಅದೇ ಇರುತ್ತದೆ, ಕಾರ್ಡಿಗೆ ಹೊಸದಾಗಿ ಅರ್ಜಿ ಹಾಕಬೇಕು. ಮತದಾರರ ಪಟ್ಟಿಗೆ ನಮೂನೆ 6ರಲ್ಲಿ 17 ತುಂಬಿದ ಮೇಲೆಯೇ ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ಕಲಿಕಾ ಲೈಸೆನ್ಸಿಗೆ ಆರು ತಿಂಗಳ ಅವಧಿ, ಪಡೆದ 30 ದಿನಗಳ ನಂತರ ಪಕ್ಕಾ ಲೈಸೆನ್ಸಿನ ಪರೀಕ್ಷೆ.

ಒಂದು ಅರ್ಜಿ ತಿರಸ್ಕೃತವಾಗಿ ಅವನೇ ಎರಡನೆಯ ಸಲ ಹೋಗಿಬಂದರೆ ನಿಮ್ಮ ಹತ್ತು ಉಪದೇಶ ಉಳಿಯಿತು.

18ರ ನಂತರ ಚಿಕಿತ್ಸೆಗೆ ಒಪ್ಪಿಗೆ ಕೊಡುವವನೂ ಅವನೇ, ಮತ್ತು ವೈದ್ಯರು ಅವನ ಗುಟ್ಟನ್ನು ನಿಮಗೆ ಹೇಳಬೇಕಾಗಿಲ್ಲ. ಎರಡನೆಯ ಹಂತವನ್ನು ಮುಂದೂಡಬಾರದೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹಂತ 8: ಈಗ ಕೇಳಿ, ಮುಂದೇನು?

ಏಳುವ ಹೊತ್ತು ನಿಂತಿದೆ, ಒಂದು ಕೆಲಸ ಆರು ವಾರ ನಡೆದಿದೆ ಎಂದಾದಾಗ ಮಾತ್ರ ಈ ಪ್ರಶ್ನೆಗೆ ಬನ್ನಿ. ಪಿಯುಸಿಯಲ್ಲಿ ಫೇಲಾದರೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಪಿಯುಸಿಯೇ ಒಗ್ಗದಿದ್ದರೆ ಎಸ್ಸೆಸ್ಸೆಲ್ಸಿಯ ಆಧಾರದ ಮೇಲೆ ಐಟಿಐ ಇದೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಅಂದರೆ ಪಕ್ಕದ ದಾರಿಯಲ್ಲಿ ಹೋದವನಿಗೆ ಹೆದ್ದಾರಿ ಮುಚ್ಚಿಹೋಗುವುದಿಲ್ಲ. ವಿಜ್ಞಾನ ಓದಿ ಮಣ್ಣಿನ ಕಡೆ ಒಲವಿರುವವರಿಗೆ ಹಾಸನದ ಕಾರೇಕೆರೆಯ ಕೃಷಿ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಹಾಸನದ ಪಶುವೈದ್ಯಕೀಯ ಕಾಲೇಜು ಮನೆಯ ಬಾಗಿಲಲ್ಲಿಯೇ ಇವೆ; ಕೃಷಿಕರ ಮಕ್ಕಳಿಗೆ ಇಂಥ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದೆ.

ಆಯ್ಕೆಗಳ ಪಟ್ಟಿಯನ್ನು ಅವನ ಮುಂದೆ ಸುರಿಯಬೇಡಿ. ಮೊದಲನೆಯ ಹಂತದ ನೋಟ್‌ಬುಕ್ಕನ್ನು ನೀವೊಬ್ಬರೇ ಮತ್ತೆ ಓದಿ ಎರಡು ಅಥವಾ ಮೂರು ದಾರಿ ಆರಿಸಿ, ಪ್ರತಿಯೊಂದನ್ನೂ ಮೂರು ವಾರ ಹತ್ತಿರದಿಂದ ನೋಡಿಬರಲು ಕಳಿಸಿ: ಗ್ಯಾರೇಜಿನಲ್ಲಿ, ಪರಿಚಿತರ ಆಡಿಟರ್ ಕಚೇರಿಯಲ್ಲಿ, ನರ್ಸರಿಯಲ್ಲಿ. ಒಂದು ವರ್ಷ ಬಿಡುವು ಬೇಕೆಂದು ಅವನೇ ಕೇಳಿದರೆ ಕೊಡಬಹುದು. ಆದರೆ ಯಾವ ತಿಂಗಳಲ್ಲಿ ಏನು, ಎಷ್ಟು ಗಂಟೆಗೆ ಏಳುವುದು, ಯಾವ ದಿನಾಂಕಕ್ಕೆ ಬಿಡುವು ಮುಗಿಯುತ್ತದೆ ಎಂಬುದನ್ನು ಅವನ ಕೈಯಿಂದಲೇ ಕ್ಯಾಲೆಂಡರಿನಲ್ಲಿ ಬರೆಸಿ.

ಈ ಹಂತದಲ್ಲಿ ನಾನೇ ಎಡವಿದ್ದೇನೆ. ಹತ್ತಾರು ಮಕ್ಕಳಿಗೆ ಸಲಹೆ ಕೊಡುವ ನಾನು, ನನ್ನ ಮಗಳ ಸಿಇಟಿ ಆಪ್ಷನ್ ಎಂಟ್ರಿಯನ್ನು, ಅಂದರೆ ಯಾವ ಕಾಲೇಜು, ಯಾವ ಕೋರ್ಸು ಬೇಕೆಂಬ ಪಟ್ಟಿಯನ್ನು ರಾತ್ರಿ ಕೂತು ನಾನೇ ತುಂಬಿಬಿಟ್ಟೆ. ಅವಳು ಓಟಿಪಿ ಹೇಳಿ ಮಲಗಲು ಹೋದಳು. ಸೀಟು ಸಿಕ್ಕಿತು, ನಾನು ಲಡ್ಡು ಹಂಚಿದೆ. ಎರಡನೆಯ ಸೆಮಿಸ್ಟರಿಗೆ ಅವಳು ಹಾಸ್ಟೆಲಿನಿಂದ ಟ್ರಂಕು ಸಮೇತ ಮನೆಗೆ ಬಂದಳು. “ಅದು ನಿಮ್ಮ ಸೀಟು ಅಪ್ಪ” ಎಂದಷ್ಟೇ ಹೇಳಿದಳು. ಮರುವರ್ಷ ಅವಳ ಅರ್ಜಿ ಅವಳೇ ತುಂಬಿದಳು, ನಾನು ಹೊರಗಿನ ಜಗಲಿಯಲ್ಲಿ ಕೂತಿದ್ದೆ.

ಹಂತ 9: ಜಾರಿದಾಗ

ಜಾರುವುದು ಖಂಡಿತ. ಹಬ್ಬದ ರಜೆ, ಜ್ವರ, ಗೆಳೆಯನ ಮದುವೆ ಇವುಗಳ ನಂತರದ ವಾರ ಎಲ್ಲ ಮೊದಲಿನಂತಾಗಿದೆ ಎಂದು ಅನ್ನಿಸುತ್ತದೆ. ಆಗ ಒಂದನೆಯ ಹಂತಕ್ಕೆ ಹೋಗಬೇಕಾಗಿಲ್ಲ. ಮೊದಲು ನಿದ್ದೆಯ ಹೊತ್ತನ್ನು ನೋಡಿ; ಬಹಳಷ್ಟು ಸಲ ತಪ್ಪಿರುವುದು ಅದೊಂದೇ. ನಿದ್ದೆ ಸರಿಯಿದ್ದೂ ಕೆಲಸ ನಿಂತಿದ್ದರೆ ಆ ಕೆಲಸ ಅವನಿಗೆ ಬೇಸರವಾಗಿದೆ ಎಂದರ್ಥ, ಬದಲಿಸಿ. ಎರಡೂ ಸರಿಯಿದ್ದು ಮುಖ ಬಾಡಿದ್ದರೆ ಎರಡನೆಯ ಹಂತದ ಸೂಚನೆಗಳನ್ನು ಮತ್ತೊಮ್ಮೆ ಓದಿ, ಕಾಯಬೇಡಿ.

ಮೂರು ತಿಂಗಳಾದ ಮೇಲೂ ಏನೂ ಕದಲದಿದ್ದರೆ ಸೋದರಮಾವ, ಹಳೆಯ ಮೇಷ್ಟ್ರು, ಕ್ರೀಡಾ ತರಬೇತುದಾರ ಇಂಥ ಹೊರಗಿನವರೊಬ್ಬರನ್ನು ಕರೆತನ್ನಿ. ಅವರಿಗೆ ಈ ನೋಟ್‌ಬುಕ್ಕನ್ನು ತೋರಿಸಬಹುದು, ಆದರೆ ಏನು ಹೇಳಬೇಕೆಂದು ಹೇಳಿಕೊಡಬಾರದು. ಅವರಿಬ್ಬರೂ ಮಾತನಾಡುವಾಗ ನೀವು ತೋಟದ ಆ ಕೊನೆಯಲ್ಲಿರಿ.